ಎಂಟು ವರ್ಷದ ಬೇರು

"ಕೀಳೋದು ಬೇಡ ಅಂದ್ರೆ ಬೇಡ," ಎಂದು ಮುನಿಲಕ್ಷ್ಮಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಎದ್ದು ಕೂತಳು. ಕತ್ತಿಗೆ ಕಟ್ಟಿದ್ದ ನೀಲಿ ಕಾಗದ ಎದೆಯ ಮೇಲೆ ನೇತಾಡುತ್ತಿತ್ತು. ಮೇಲ್ತುಟಿ ಒಂದು ಕಡೆ ಊದಿ ಮೂಗಿಗೆ ತಾಗುವಂತಾಗಿತ್ತು. ಅಂಥ ತುಟಿ ಇಟ್ಟುಕೊಂಡೂ ಅವಳು ಆಡಿದ ಮಾತು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು.

ಅಮರನಾಥ್ ಡಾಕ್ಟರು ಕೈಗವಸು ಕಳಚುತ್ತ ನಕ್ಕರು. ಕೋಲಾರದಲ್ಲಿ ಹಲ್ಲು ಕಿತ್ತೂ ಕಟ್ಟಿಯೂ ಹೆಸರು ಮಾಡಿದವರು ಅವರು. ಸುತ್ತಲಿನ ಹಳ್ಳಿಗಳ ಅರ್ಧ ಬಾಯಿಗಳ ಒಳಗು ಅವರಿಗೆ ಗೊತ್ತು.

"ನೋಡಮ್ಮ, ಇದು ಸತ್ತುಹೋಗಿರೋ ಹಲ್ಲು. ಬಣ್ಣ ನೋಡಿದ್ರೇ ಗೊತ್ತಾಗುತ್ತೆ. ಮೇಲೆ ಕೀವು ಬೇರೆ ಕಟ್ಟಿದೆ. ಕಿತ್ತುಹಾಕಿ ಬ್ರಿಡ್ಜ್ ಮಾಡೋಣ. ಪಕ್ಕದ ಎರಡನ್ನೂ ಸ್ವಲ್ಪ ಉಜ್ಜಿ ಸಣ್ಣ ಮಾಡಿ, ಸಾಲಾಗಿ ಮೂರು ಹೊಸ ಹಲ್ಲು ಕೂರಿಸ್ತೀವಿ. ಫಳಫಳ ಅನ್ನುತ್ತೆ."

"ಪಕ್ಕದವು ಏನ್ ತಪ್ಪು ಮಾಡಿದಾವೆ ಸಾರ್?"

ಬಾಗಿಲಲ್ಲಿ ನಿಂತಿದ್ದ ಅವಳಣ್ಣ ಮುನಿಕೃಷ್ಣ ನಡುವೆ ಬಾಯಿ ಹಾಕಿದ. "ಲೇ ಲಕ್ಷ್ಮೀ, ಸಾರ್ ಹೇಳಿದ್ದು ಕೇಳೇ. ಖರ್ಚೆಲ್ಲಾ ನಂದು ಅಂತ ದಾರೀಲೇ ಹೇಳಿಲ್ವಾ?"

"ಖರ್ಚು ನಿಂದು. ಬಾಯಿ ನಂದು."

"ಮಾಟ ವಿನದು ಈ ಪಿಲ್ಲ," ಎಂದು ಅವನು ಗೊಣಗಿದ. ಸಿಟ್ಟು ಬಂದರೆ ಅವನ ಬಾಯಿಗೆ ತೆಲುಗೇ ಮೊದಲು ಬರುವುದು. ಟೊಮೇಟೊ ಮಂಡಿಯಲ್ಲಿ ಹರಾಜು ಕೂಗುವ ಗಂಟಲು ಅವನದು. ಮಾತು ಕೇಳದ ಹುಡುಗಿ ಎಂಬ ಈ ದೂರೂ ಹೊರಗಿನ ಬೆಂಚಿಗೆ ಕೇಳಿಸಿತು. ಆದರೆ ಅದನ್ನು ಅವನು ತಂಗಿಯ ಮುಖ ನೋಡಿ ಹೇಳಲಿಲ್ಲ. ಅವಳ ಕಿವಿಯ ಓಲೆ ನೋಡಿಕೊಂಡು ಹೇಳಿದ. ಅವಳೊಡನೆ ಅವನು ಮಾತಾಡುವುದೇ ಹಾಗೆ.

ಇದರಲ್ಲಿ ಗುಟ್ಟೇನೂ ಇಲ್ಲ. ಅಣ್ಣ ತಂಗಿ ಹುಟ್ಟಿ ಬೆಳೆದ ಹೋಳೂರಿಗೆ ಹೋಳೂರೇ ಬಲ್ಲ ಕತೆ. ಅಲ್ಲಿನ ಶಾಲೆಯ ಪಕ್ಕ ಒಂದು ಬೋರ್‌ವೆಲ್ ಕೈಪಂಪು ಇತ್ತು. ನೀರು ಆಳಕ್ಕೆ ಇಳಿದಷ್ಟೂ ಅದರ ಕಬ್ಬಿಣದ ಹಿಡಿ ಭಾರವಾಗುತ್ತ ಹೋಗಿ, ಒತ್ತಲು ಮಕ್ಕಳ ತೋಳಿಗೆ ಆಗದಂತಾಯಿತು. ಅದಕ್ಕೆ ಮಕ್ಕಳೇ ಒಂದು ಉಪಾಯ ಮಾಡಿಕೊಂಡಿದ್ದರು: ಇಬ್ಬಿಬ್ಬರು ಸೇರಿ ಹಿಡಿಗೆ ಜೋತುಬೀಳುವುದು. ಆ ದಿನ ಅಣ್ಣ ತಂಗಿ ಜೋತುಬಿದ್ದಿದ್ದರು. ಐಸ್‌ಕ್ಯಾಂಡಿಯವನ ಗಂಟೆ ಕೇಳಿತೆಂದು ಅಣ್ಣ ಕೈಬಿಟ್ಟು ಓಡಿದ. ಹಿಡಿ ಚಿಮ್ಮಿ ಮೇಲೆದ್ದು ತಂಗಿಯ ಬಾಯಿಗೆ ಬಡಿಯಿತು. ಅವಳಿಗಾಗ ಎಂಟು ವರ್ಷ.

ಹಲ್ಲು ಬೀಳಲಿಲ್ಲ. ಕೆಲವು ದಿನ ಅಲ್ಲಾಡಿ ಮತ್ತೆ ಗಟ್ಟಿಯಾಗಿ ನಿಂತಿತು. ಆಮೇಲೆ ಮೆಲ್ಲಗೆ ಕಪ್ಪಾಗುತ್ತ ಬಂತು. ಹೆಣ್ಣುಮಗಳ ಬಾಯಲ್ಲಿ, ಅದೂ ಎದುರಿಗೇ, ಕರಿಹಲ್ಲು! ಉದುರಿಯಾದರೂ ಹೋಗಲೆಂದು ತಾಯಿ ಗಂಗರತ್ನಮ್ಮ ಎಕ್ಕದ ಹಾಲು ಹಚ್ಚಿದಳು. ತುಟಿ ಬೊಬ್ಬೆ ಎದ್ದಿತು, ಹಲ್ಲು ಕದಲಲಿಲ್ಲ. ಅಂದಿನಿಂದ ಮನೆಯಲ್ಲಿ ಮುನಿಲಕ್ಷ್ಮಿಗೆ ಸೀಬೆಹಣ್ಣು ಕೊಟ್ಟರೆ ಹೋಳು ಮಾಡಿಯೇ ಕೊಡುವರು. ನಗು ಬಂದರೆ ಕೈ ತಾನಾಗಿ ಬಾಯಿಗೆ ಅಡ್ಡ ಬರುತ್ತಿತ್ತು, ಮದುವೆಯಾದ ಮೇಲೆ ಸೆರಗು. ಸುಗಟೂರಿನ ಗಂಡನ ಮನೆಯಲ್ಲಿರುವ ಮದುವೆ ಫೋಟೊಗಳಲ್ಲಿ ಒಂದರಲ್ಲೂ ಅವಳ ಹಲ್ಲು ಕಾಣುವುದಿಲ್ಲ. ಮುನಿಕೃಷ್ಣ ತಂಗಿಗೆ ಏನೇನೋ ಮಾಡಿದ, ಹಬ್ಬಕ್ಕೆ ಸೀರೆ ತಪ್ಪಿಸಲಿಲ್ಲ, ಅವಳ ತೋಟದ ಟೊಮೇಟೊವನ್ನು ತಾನೇ ನಿಂತು ಹರಾಜು ಹಾಕಿಸಿದ. ಆ ಹಲ್ಲು ಮಾತ್ರ ಅವನನ್ನು ಬಿಡಲಿಲ್ಲ. ಅದು ಒಮ್ಮೆ ಕಣ್ಣೆದುರಿಂದ ತೊಲಗಿದರೆ ಸಾಕು ಅನ್ನಿಸಿತ್ತು ಅವನಿಗೆ.

"ಸಾರ್, ಒಂದು ನಿಮಿಷ," ಎಂದಳು ಎಕ್ಸ್‌ರೇ ನೋಡುತ್ತಿದ್ದ ರಂಜಿತ. ಅವಳು ಅಮರನಾಥರ ಕೈಕೆಳಗಿನ ಡಾಕ್ಟರು, ಓದು ಮುಗಿಸಿ ಆ ವರ್ಷವಷ್ಟೇ ಸೇರಿದವಳು. ಕಂಪ್ಯೂಟರಿನ ಪರದೆಯನ್ನು ಮುನಿಲಕ್ಷ್ಮಿಯ ಕಡೆ ತಿರುಗಿಸಿದಳು. "ಇದು ನಿಮ್ಮ ಪಕ್ಕದ ಹಲ್ಲು. ಬೇರು ಕ್ಯಾರೆಟ್ ಥರ ಕೊನೆಗೆ ಸಣ್ಣಗಾಗಿ ಮುಚ್ಕೊಂಡಿದೆ. ಇದು ಏಟು ಬಿದ್ದ ಹಲ್ಲು."

ಅದು ಗಿಡ್ಡವಾಗಿತ್ತು. ಒಳಗೆಲ್ಲ ಟೊಳ್ಳು. ತಳವೇ ಇರಲಿಲ್ಲ.

"ಇದ್ಯಾಕೆ ಹಿಂಗೆ?"

"ಹಲ್ಲು ಹೊರಗೆ ಬಂದ್ಮೇಲೂ ಬೇರು ಎರಡು ಮೂರು ವರ್ಷ ಬೆಳೀತಿರುತ್ತೆ. ನಿಮ್ಮದು ಬೆಳೀತಿರೋವಾಗ್ಲೇ ಏಟು ಬಿದ್ದು ಒಳಗಿನ ನರ ಸತ್ತಿದೆ. ಬೇರು ಅಲ್ಲಿಗೇ ನಿಂತುಬಿಟ್ಟಿದೆ. ನಿಮಗೆ ವಯಸ್ಸಾಯ್ತು. ಇದಕ್ಕಿನ್ನೂ ಎಂಟೇ ವರ್ಷ."

ಮುನಿಲಕ್ಷ್ಮಿ ಪರದೆಯನ್ನೇ ನೋಡಿದಳು. ಇಷ್ಟು ವರ್ಷ ತಾನು ನಾಚಿಕೊಂಡು ಮುಚ್ಚಿಟ್ಟದ್ದು ಇದನ್ನೇ? ಬುಡ ಭದ್ರವಿಲ್ಲದೆಯೂ ಕಚ್ಚಿಕೊಂಡು ನಿಂತಿರುವ ಇದನ್ನು? ಅವಳಿಗೆ ಆ ಪುಟ್ಟ ಬೇರಿನ ಮೇಲೆ ವಿಪರೀತ ಮಮತೆಯೂ, ಕೀಳು ಎಂದವರೆಲ್ಲರ ಮೇಲೆ ಸಿಟ್ಟೂ ಒಟ್ಟಿಗೇ ಉಕ್ಕಿದವು. ಮುನಿಕೃಷ್ಣ ಬಾಗಿಲಲ್ಲಿ ಇರಲಿಲ್ಲ. ಯಾವಾಗಲೋ ಹೊರಗೆ ಹೋಗಿದ್ದ.

"ಉಳಿಸಕ್ಕಾಗುತ್ತಾ ಮೇಡಂ?"

ರಂಜಿತ ಹಿರಿಯರ ಮುಖ ನೋಡಿದಳು. ಅಮರನಾಥರು ಕೆಟ್ಟವರಲ್ಲ, ಇಂಥ ಹಲ್ಲುಗಳ ಜೊತೆ ಹೆಣಗಿ ಸೋತು ಬುದ್ಧಿ ಕಲಿತವರು. "ಏನು ತುಂಬ್ತೀಯ ಇದಕ್ಕೆ? ರಬ್ಬರಿನಂಥ ಗಟ್ಟಾಪರ್ಚಾ ಕಡ್ಡಿ ಹಾಕಿದ್ರೆ ಹಿಡಿದು ನಿಲ್ಲಿಸೋಕೆ ತಳ ಇಲ್ಲ, ಸೀದಾ ಮೂಳೆಗೆ ಹೋಗುತ್ತೆ. ಕರಗಿಸಿ ತುಂಬಿದ್ರೂ ಅದೇ ಗತಿ. ಸುಣ್ಣದ ಪೇಸ್ಟ್ ಇಟ್ಟು ತಾನಾಗೇ ತಳ ಕಟ್ಟಲಿ ಅಂತ ವರ್ಷಗಟ್ಟಲೆ ಕಾದ್ರೆ, ಹಲ್ಲೇ ಪೆಳಸಾಗಿ ಮುರಿಯುತ್ತೆ."

"ಎಂಟಿಎ ಸಿಮೆಂಟಲ್ಲಿ ನಾವೇ ತಳ ಕಟ್ಟೋಣ ಸಾರ್. ಅದು ತೇವದಲ್ಲೇ ಗಟ್ಟಿಯಾಗುತ್ತೆ. ಅದು ಕೂತ ಮೇಲೆ ಗಟ್ಟಾಪರ್ಚಾ ತುಂಬಿದ್ರೆ ಎಲ್ಲಿಗೂ ಹೋಗಲ್ಲ."

"ಕೂತರೆ ತಾನೇ? ಒದ್ದೆ ಮರಳಿದ್ದ ಹಾಗಿರುತ್ತೆ ಅದು. ಒಂಚೂರು ಕೀವು ಜಿನುಗಿದ್ರೆ ಕೊಚ್ಕೊಂಡು ಹೋಗುತ್ತೆ." ಅವರು ಕೈ ತೊಳೆದು ಬಂದರು. "ಸರಿ, ಒಂದು ಸಲ ಮಾಡು. ಹೋಯ್ತೋ, ಕೀಳೋದೇ. ಏನಮ್ಮಾ, ಒಪ್ಪಿಗೆನಾ?"

"ಮಾಡಿ ಮೇಡಂ," ಎಂದಳು ಮುನಿಲಕ್ಷ್ಮಿ. ಹಿರಿಯರ ಷರತ್ತಿಗೆ ಹೂಂ ಅನ್ನಲಿಲ್ಲ.

ಕೀವು ಇಳಿಸಿ, ಔಷಧಿ ಇಟ್ಟು, ವಾರ ಕಳೆದು ರಂಜಿತ ಸಿಮೆಂಟು ಹಾಕಿದಳು. ಅದರ ಮೇಲೆ ಒದ್ದೆ ಹತ್ತಿ, ಹತ್ತಿಯ ಮೇಲೆ ತಾತ್ಕಾಲಿಕ ಮುಚ್ಚಳ. "ನಾಳೆ ಬನ್ನಿ. ಅಲ್ಲೀವರೆಗೂ ಆ ಹಲ್ಲಿಗೆ ಏನೂ ತಾಗಿಸ್ಬೇಡಿ."

ಮಾರನೆಯ ದಿನ ನೋಡಿದರೆ ಮುಚ್ಚಳವೇ ಇಲ್ಲ. ರಂಜಿತ ಹತ್ತಿಯನ್ನು ಎಳೆದು ದೀಪದ ಕೆಳಗೆ ಹಿಡಿದಳು. ಹಸಿರಾಗಿತ್ತು. ಸೂಜಿಯಂಥ ಸಲಾಕೆ ಇಳಿಸಿದಳು, ಅದು ಸಿಮೆಂಟಿನೊಳಗೆ ಮೆತ್ತಗೆ ಹೂತುಹೋಯಿತು.

"ಇದೇನು ಹಸಿರು?"

ಮುನಿಲಕ್ಷ್ಮಿ ತನ್ನ ಬೆರಳು ನೋಡಿಕೊಂಡಳು. ಅವೂ ಹಸಿರು. ಟೊಮೇಟೊ ಗಿಡದ ಆ ಹಸಿರು ಸೋಪಿಗೂ ಬಗ್ಗುವುದಿಲ್ಲ. ನಿನ್ನೆ ಕೋಲಾರದಿಂದ ಹೋದವಳು ನೇರ ತೋಟಕ್ಕೆ ಇಳಿದಿದ್ದಳು, ಗಿಡಗಳನ್ನು ಕೋಲಿಗೆ ಕಟ್ಟುವ ಸಮಯ. ಒಂದು ಕೈಯಲ್ಲಿ ಗಿಡ, ಒಂದು ಕೈಯಲ್ಲಿ ದಾರ. ಅಲ್ಲಿನ ಹೆಂಗಸರೆಲ್ಲರಿಗೂ ಕತ್ತರಿಯೆಂದರೆ ಹಲ್ಲೇ. ಅವಳು ಸದಾ ಕೋರೆಹಲ್ಲಲ್ಲಿ ಹರಿಯುವವಳು. ಎಲ್ಲೋ ಧ್ಯಾನದಲ್ಲಿ ಮುಂದಿನದರಲ್ಲಿ ಕಚ್ಚಿಬಿಟ್ಟಿದ್ದಳು.

"ದಾರ ಕಚ್ಚಿದೆ ಮೇಡಂ," ಎಂದಳು ಸಣ್ಣ ದನಿಯಲ್ಲಿ.

"ಮುಗೀತಲ್ಲ," ಎಂದರು ಅಮರನಾಥರು. "ಒಂದು ಸಲ ಅಂದಿದ್ದೆ, ಒಂದು ಸಲ ಆಯ್ತು. ರಂಜಿತ, ಇಂಜೆಕ್ಷನ್ ರೆಡಿ ಮಾಡು."

"ಈಗ್ಲಾದ್ರೂ ಕೇಳೇ," ಎಂದ ಮುನಿಕೃಷ್ಣ, ಓಲೆಗೆ.

ಮುನಿಲಕ್ಷ್ಮಿ ಬಾಯಿ ಮುಚ್ಚಿದಳು. ಬರಿದೆ ಮುಚ್ಚಲಿಲ್ಲ, ತುಟಿ ಒಳಗೆ ಮಡಿಸಿ, ದವಡೆ ಬಿಗಿದು, ಕುರ್ಚಿಯ ಹಿಡಿಗಳನ್ನು ಎರಡೂ ಕೈಯಲ್ಲಿ ಭದ್ರ ಹಿಡಿದು ಕೂತಳು. ಅಮರನಾಥರು "ತೆಗಿಯಮ್ಮಾ" ಎಂದರು, ಗದರಿದರು, ಸಮಾಧಾನದ ಮಾತಾಡಿದರು. ಮುಚ್ಚಿದ ಬಾಯಿಂದ ಹಲ್ಲು ಕೀಳುವ ವಿದ್ಯೆ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಹೊರಗೆ ಬೆಂಚಿನವರು ಒಬ್ಬೊಬ್ಬರಾಗಿ ಇಣುಕತೊಡಗಿದರು.

"ಏನ್ ಮಾಡ್ಬೇಕು ಅಂತೀಯ ಹಾಗಾದ್ರೆ?" ಅಮರನಾಥರ ತಾಳ್ಮೆ ತೀರಿತು.

ಆಗ ಬಾಯಿ ಬಿಟ್ಟಳು. "ದಾರ ಕಚ್ಚಿದ್ದು ನಾನು. ತಪ್ಪು ನಂದು. ನನಗೆ ಬೈಯ್ರಿ ಸಾರ್, ಎಷ್ಟು ಬೇಕಾದ್ರೂ ಬೈಯ್ರಿ. ನಾನ್ ಮಾಡಿದ ತಪ್ಪಿಗೆ ಅದನ್ನ ಕೀಳಕ್ಕೆ ಬಿಡಲ್ಲ. ಯಾರೋ ಮಾಡಿದ್ದಕ್ಕೆಲ್ಲಾ ಅದೇ ಅನುಭವಿಸಿ ಸಾಕಾಗಿದೆ."

ಮುನಿಕೃಷ್ಣ ತಲೆ ತಗ್ಗಿಸಿದ.

"ಸಾರ್," ಎಂದಳು ರಂಜಿತ. ಅವಳ ಕಿವಿ ಕೆಂಪಾಗಿತ್ತು. "ನಾನು ಇನ್ನೊಂದು ಸಲ ಮಾಡ್ತೀನಿ. ನನ್ನ ಊಟದ ಹೊತ್ತಲ್ಲಿ ಮಾಡ್ತೀನಿ. ಈ ಸಲ ಮುಂಚೆ ಕೆಲವೇ ವಾರ ಸುಣ್ಣದ ಪೇಸ್ಟ್ ಇಟ್ಟು ಪೂರ್ತಿ ಒಣಗಿಸ್ತೀನಿ."

"ನಾನು ಬೇಡ ಅಂದ್ರೆ?"

"ಆದ್ರೂ ಮಾಡ್ತೀನಿ ಸಾರ್."

ಸೇರಿ ವರ್ಷ ತುಂಬದ ಹುಡುಗಿ ಹೀಗೆ ಎದುರು ನಿಂತದ್ದು ಅವರಿಗೆ ಹೊಸದು. ಕುರ್ಚಿಯಲ್ಲೊಬ್ಬಳು, ಕುರ್ಚಿಯ ಪಕ್ಕದಲ್ಲೊಬ್ಬಳು. ಇಬ್ಬರನ್ನೂ ನೋಡಿ, ಏನಾದರೂ ಮಾಡಿಕೊಳ್ಳಿ ಎಂಬಂತೆ ಕೈಯಾಡಿಸಿ ಮುಂದಿನ ರೋಗಿಯ ಕಡೆ ಹೋದರು.

ಈ ಸಲ ಪೇಸ್ಟು ಕೆಲವು ವಾರ ಒಳಗಿತ್ತು. ಅಷ್ಟೂ ದಿನ ಮುನಿಲಕ್ಷ್ಮಿ ಸೊಂಟಕ್ಕೆ ಕತ್ತರಿ ಸಿಕ್ಕಿಸಿಕೊಂಡು ಗಿಡ ಕಟ್ಟಿದಳು. ಜೊತೆಯ ಹೆಂಗಸರು "ಏನಮ್ಮಾ, ಟೈಲರ್ ಆಗ್ಬಿಟ್ಯಾ?" ಎಂದು ನಕ್ಕರು. ನಕ್ಕುಕೊಳ್ಳಲಿ ಎಂದು ದಾರ ಕತ್ತರಿಸುತ್ತ ಹೋದಳು. ಮತ್ತೆ ಸಿಮೆಂಟು ಹಾಕಿಸಿಕೊಂಡ ದಿನ ತೋಟಕ್ಕೇ ಇಳಿಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ರಂಜಿತ ಸಲಾಕೆ ಇಳಿಸಿದಾಗ ಒಳಗಿಂದ ಟಕ್ ಎಂದಿತು. ಕುಟ್ಟಿದಳು, ಟಕ್. ಇಬ್ಬರಿಗೂ ಕೇಳಿಸಿತು. ರಂಜಿತ ಮಾಸ್ಕಿನ ಮೇಲಿಂದ ಕಣ್ಣು ಮಿಟುಕಿಸಿ, ನಸುಗೆಂಪು ಕಡ್ಡಿಗಳನ್ನು ಬಿಸಿ ಮಾಡಿ ಎರಡು ಗಾಜಿನ ತುಂಡುಗಳ ನಡುವೆ ಇಟ್ಟು ಹೊಸೆಯತೊಡಗಿದಳು. ಆ ಅಗಲದ ಟೊಳ್ಳಿಗೆ ಸರಿಹೊಂದುವ ಕಡ್ಡಿ ಅಂಗಡಿಯಲ್ಲಿ ಸಿಗುವುದಿಲ್ಲ.

"ಇದೇನ್ ಮೇಡಂ, ದೀಪದ ಬತ್ತಿ ಹೊಸೆದಂಗೆ ಹೊಸೀತಿದೀರ?"

"ಇದೇ ಗಟ್ಟಾಪರ್ಚಾ. ಒಂದು ಮರದ ಹಾಲಿಂದ ಮಾಡ್ತಾರೆ."

"ಎಕ್ಕದ ಹಾಲಾ?" ಮುನಿಲಕ್ಷ್ಮಿ ಧಡಕ್ಕನೆ ಎದ್ದಳು. ಎಕ್ಕವಲ್ಲ, ಅದು ಎಲ್ಲೋ ದೂರದೇಶದ ಮರ ಎಂದು ನಂಬಿಸಿ ಮತ್ತೆ ಮಲಗಿಸುವ ಹೊತ್ತಿಗೆ ಹೊಸೆದದ್ದು ತಣ್ಣಗಾಗಿ, ರಂಜಿತ ಇನ್ನೊಮ್ಮೆ ಬಿಸಿ ಮಾಡಬೇಕಾಯಿತು.

ಎಲ್ಲ ಮುಗಿದು ತೆಗೆದ ಎಕ್ಸ್‌ರೇಯಲ್ಲಿ ಟೊಳ್ಳು ತುದಿಯಿಂದ ಮೇಲಿನವರೆಗೆ ಬೆಳ್ಳಗೆ ತುಂಬಿತ್ತು. ಊಟ ಮುಗಿಸಿ ಬಂದ ಅಮರನಾಥರು ಪರದೆಯ ಮುಂದೆ ನಿಂತರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ತಳ ನಿಂತಿದೆ," ಎಂದರು. ಎರಡು ಹೆಜ್ಜೆ ಹೋದವರು ತಿರುಗಿ, "ಆ ಫೋಟೊ ನನಗೂ ಕಳಿಸು," ಎಂದರು.

ಟೊಮೇಟೊ ಬಿಡಿಸಿ, ಇನ್ನೊಂದು ಬೆಳೆ ಇಟ್ಟ ಮೇಲೆ ಮುನಿಲಕ್ಷ್ಮಿ ತೋರಿಸಲು ಬಂದಳು. ಅಣ್ಣನೇ ಮಂಡಿಯ ಗಾಡಿಯಲ್ಲಿ ಕರೆತಂದಿದ್ದ. ಹೊಸ ಎಕ್ಸ್‌ರೇಯಲ್ಲಿ, ಬೇರಿನ ತುದಿಯಲ್ಲಿದ್ದ ಕೀವಿನ ಕಪ್ಪು ಮಚ್ಚೆ ಕುಗ್ಗಿ ಮೂಳೆ ತುಂಬಿಕೊಳ್ಳುತ್ತಿತ್ತು.

"ಇನ್ನು ಬಣ್ಣ ಒಂದೇ," ಎಂದಳು ರಂಜಿತ. "ಒಳಗಡೆಯಿಂದ ಔಷಧಿ ಇಟ್ರೆ ಬೆಳ್ಳಗಾಗುತ್ತೆ. ಮಾಡೋಣ್ವಾ?"

"ಮಾಡಿ ಮೇಡಂ, ಇವತ್ತೇ ಮಾಡಿ," ಎಂದ ಮುನಿಕೃಷ್ಣ.

"ಬೇಡ."

"ಯಾಕೇ? ಇಷ್ಟೆಲ್ಲಾ ಮಾಡ್ಸಿ..."

"ನನ್ನ ಹಲ್ಲಿನ ಬಣ್ಣ ಇದೇ ಕಣಣ್ಣ. ಕಾಣದಿದ್ರೆ ನಿನಗೆ ನೆಮ್ಮದಿ, ನನಗೇನು? ಯಾರಿಗೆ ನೋಡಕ್ಕಾಗಲ್ವೋ ಅವರು ಆಚೆ ನೋಡ್ಲಿ." ರಂಜಿತಳ ಕಡೆ ತಿರುಗಿದಳು. "ಮೇಡಂ, ಸೀಬೆಹಣ್ಣು ಕಚ್ಚಬಹುದಾ?"

"ಚೆನ್ನಾಗಿ ಹಣ್ಣಾಗಿದ್ರೆ ಕಚ್ಚಿ. ದಾರ ಮಾತ್ರ ಈ ಜನ್ಮದಲ್ಲಿ ಬೇಡ."

ಬಸ್ ನಿಲ್ದಾಣದ ಎದುರು ತಳ್ಳುಗಾಡಿಯಲ್ಲಿ ಸೀಬೆಹಣ್ಣು ರಾಶಿ ಹಾಕಿದ್ದರು. ಮುನಿಲಕ್ಷ್ಮಿ ಒತ್ತಿ ನೋಡಿ, ಮೂಸಿ, ಹಳದಿ ತಿರುಗಿದ್ದೊಂದನ್ನು ಆರಿಸಿಕೊಂಡಳು. ಮುನಿಕೃಷ್ಣ ಹಳೆಯ ಅಭ್ಯಾಸದಂತೆ, "ನಾಲ್ಕು ಹೋಳು ಮಾಡಿ, ಉಪ್ಪು ಖಾರ ಹಾಕಮ್ಮಾ," ಎಂದ. ಗಾಡಿಯವಳು ಚಾಕು ಎತ್ತಿದಳು.

"ಕೊಯ್ಬೇಡ," ಎಂದಳು ಮುನಿಲಕ್ಷ್ಮಿ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಬಾಯಗಲಿಸಿದಳು. ಮುನಿಕೃಷ್ಣ ಕಣ್ಣು ಬಿಗಿಯಾಗಿ ಮುಚ್ಚಿದ. ಕಚ್ಚಿದ ಸದ್ದು ಕೇಳಿತು. ಆಮೇಲೆ ಅಗಿಯುವ ಸದ್ದು. ಅವನು ಕಣ್ಣು ತೆರೆದಾಗ ತಂಗಿ ಬಾಯಿ ತುಂಬ ಹಣ್ಣಿಟ್ಟುಕೊಂಡು, ಕೈ ಅಡ್ಡ ಹಿಡಿಯದೆ, ಅವನನ್ನೇ ನೋಡಿ ನಗುತ್ತಿದ್ದಳು. ಅವನು ಓಲೆ ನೋಡಲಿಲ್ಲ.

"ತಗೋ, ನೀನೂ ಕಚ್ಚು," ಎಂದು ಹಣ್ಣನ್ನು ಅವನ ಕೈಗಿಟ್ಟಳು.

ಅವನು ಅದನ್ನು ಬೆಳಕಿಗೆ ತಿರುಗಿಸಿದ. ಕಚ್ಚಿದ ಅಂಚಿನಲ್ಲಿ, ತಿರುಳಿನ ಮೇಲೆ, ಎರಡು ಹಲ್ಲಿನ ಗುರುತು ಪಕ್ಕಪಕ್ಕದಲ್ಲಿ ಮೂಡಿದ್ದವು. ಎರಡೂ ಒಂದೇ ಆಳ. ಯಾವುದು ಯಾವ ಹಲ್ಲಿನದೆಂದು ಅವನಿಗೆ ಗೊತ್ತಾಗಲಿಲ್ಲ.