ಕುಡಿಯುವ ಮುಂಚಿನ ಮಾತು

ಲೋಟವನ್ನು ತುಟಿಗಿಟ್ಟ ಶೀಲಾ ಹಾಗೇ ನಿಂತುಬಿಟ್ಟಳು. ಸುತ್ತ ಯಾರೂ ಕುಡಿಯುತ್ತಿರಲಿಲ್ಲ. ಅವ್ವ ಲೂರ್ದಮ್ಮನನ್ನು ಮಣ್ಣು ಮಾಡಿ, ಪ್ರಾರ್ಥನೆ ಮುಗಿಸಿ ಫಾದರ್ ಆಗಲೇ ಹೊರಟಿದ್ದರು. ವನಗೂರಿನ ಕಾಫಿ ಎಸ್ಟೇಟಿನ ಕೂಲಿಲೈನಿನವರೆಲ್ಲ ತೋಟದಂಚಿನಲ್ಲಿ ಬೆಲ್ಲದ ಕಾಫಿ ಹಿಡಿದು ಸುಮ್ಮನೆ ಕೂತಿದ್ದರು. ದಿನಾ ಅವರನ್ನು ಜೀಪಿನಲ್ಲಿ ಕೆಲಸಕ್ಕೆ ಕರೆತರುವ ತಾಜುದ್ದೀನ್ ಕೂಡ.

"ಕುಡೀರಿ, ಆರೋಯ್ತದೆ," ಎಂದಳು ಶೀಲಾ.

"ಯಾರಾದ್ರೂ ಹೇಳ್ಬೇಕಲ್ಲವ್ವ," ಎಂದ ತಾಜುದ್ದೀನ್. "ಲೂರ್ದಕ್ಕ ಹೇಳ್ದೆ ನಾವು ಯಾವತ್ತು ಕುಡ್ದಿದ್ದೀವಿ?"

ಎಲ್ಲರೂ ಶೀಲಾಳನ್ನೇ ನೋಡಿದರು. ನೋಡಿ ನೋಡಿ ಅವಳನ್ನೇ ನೋಡಬೇಕೇ! ಆ ಗುಂಪಿನಲ್ಲಿ ಒಂಬತ್ತು ವರ್ಷದಿಂದ ಕಾಯದೆ ಕುಡಿಯುತ್ತಿದ್ದವಳು ಅವಳೊಬ್ಬಳೇ.

*

ಹತ್ತು ಗಂಟೆಯ ಕಾಫಿಗೆ ಮುಂಚೆ ಲೂರ್ದಮ್ಮ ಕಣ್ಣು ಮುಚ್ಚಿ, ಆ ದಿನ ಕಂಡ ಒಂದು ಒಳ್ಳೆಯದಕ್ಕೆ ದೇವರಿಗೆ ಸ್ತೋತ್ರ ಹೇಳುತ್ತಿದ್ದಳು. ನಿನ್ನೆ ಹೇಳಿದ್ದು ಇವತ್ತಿಗೆ ಆಗದು, ದಿನಕ್ಕೊಂದು ಹೊಸದೇ ಬೇಕು. "ರಕ್ತ ಹೀರೋ ಇಂಬಳ ಎಡಗಾಲಿಗೆ ಮಾತ್ರ ಕಚ್ತು, ಬಲಗಾಲು ಉಳ್ಕಂತು. ಸ್ತೋತ್ರ ದೇವ್ರೆ!" ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಹಾಜರಿ ಬರೆಯುವ ರೈಟರ್ ದೇವೀರಪ್ಪ "ದಿನಾ ಇದೇ ಆಯ್ತಲ್ಲಮ್ಮ ನಿಂದು" ಎಂದು ರೇಗುತ್ತಲೇ ತಾನೂ ಲೋಟ ಹಿಡಿದು ಕಾಯುತ್ತಿದ್ದ. ಎಂಥ ಜೀವ ಅದು! ಅವಳ ಪಕ್ಕದ ಸಾಲಿನಲ್ಲಿ ಹಣ್ಣು ಕುಯ್ದವರಿಗೆ ಬೆನ್ನು ನೋವು ಮರೆಯುತ್ತಿತ್ತು.

ಶೀಲಾಗೆ ಹದಿನಾರು ತುಂಬಿದ ವರ್ಷ ತೋಟದ ದಾರಿಯಲ್ಲಿ ಆನೆ ಅಪ್ಪನನ್ನು ತುಳಿದು ಕೊಂದಿತು. ನಾಲ್ಕನೇ ದಿನ ಅವ್ವ ಕೆಲಸಕ್ಕೆ ಬಂದಳು. ಹತ್ತು ಗಂಟೆಗೆ ಕಣ್ಣು ಮುಚ್ಚಿದಳು.

"ನಮ್ಮನೆಯವ್ರು ಬಿಸಿ ರೊಟ್ಟಿ ತಿಂದ್ಕಂಡೇ ಹೋದ್ರು. ಅದಕ್ಕೆ ಸ್ತೋತ್ರ ದೇವ್ರೆ."

ಶೀಲಾ ಲೋಟ ಎಸೆದು ಓಡಿದ್ದಳು. ಅಂದಿನಿಂದ ಅವ್ವ ಬಾಯಿ ತೆರೆಯುವ ಮೊದಲೇ ಗುಟುಕರಿಸುವುದು ಅವಳ ಹಟ.

ನಿನ್ನೆ ಬೆಳಿಗ್ಗೆ, ಜ್ವರದಲ್ಲಿ ಮಾತು ನಿಂತುಹೋಗಿದ್ದ ಅವ್ವ ಕಾಫಿ ಹಿಡಿದು ಮಗಳ ಮುಖವನ್ನೇ ನೋಡಿದಳು. ನನ್ನ ಬದಲು ನೀನು ಹೇಳು ಎನ್ನುತ್ತಿದ್ದಾಳೆಂದು ಶೀಲಾಗೆ ಗೊತ್ತಾಯಿತು. ಹೇಳಲಿಲ್ಲ. ಕಾಫಿ ಹಾಗೇ ಆರಿತು. ಸಂಜೆಗೆ ಅವ್ವ ತೀರಿಕೊಂಡಳು.

*

ಮಾದಮ್ಮ ಎದ್ದು ಬಂದು ಶೀಲಾಳ ಕೈ ಹಿಡಿದಳು. ಮೂವತ್ತು ವರ್ಷ ಲೂರ್ದಮ್ಮನ ಪಕ್ಕದ ಮನೆಯವಳು.

"ಆವತ್ತು ನೀನು ಓಡೋದ್ಮೇಲೆ ನಿಮ್ಮವ್ವನೂ ಕುಡೀಲಿಲ್ಲ ಕಣವ್ವ. ಗಿಡದ ಬುಡಕ್ಕೆ ಸುರಿದ್ಬುಟ್ಲು. 'ಒಂದಾದ್ರೂ ಒಳ್ಳೇದು ಸಿಗ್ದಿದ್ರೆ ನಾನು ಹಾಸಿಗೆ ಬಿಟ್ಟು ಏಳಾಕಾಯ್ತಿರ್ಲಿಲ್ಲ ಮಾದಮ್ಮ' ಅಂದ್ಲು. ಮೂರು ದಿನ ಹುಡುಕಿದ್ಲಂತೆ. ಸಿಕ್ಕಿದ್ದು ಆ ರೊಟ್ಟಿ ಒಂದೇ."

ಶೀಲಾ ತನ್ನ ಕೈಯಲ್ಲಿದ್ದ ಲೋಟವನ್ನು ನೋಡಿದಳು. ಒಂಬತ್ತು ವರ್ಷ! ಒಂದು ದಿನವಾದರೂ ಕಾಯಬಾರದಿತ್ತೇ?

ಅವಳು ಕಣ್ಣು ಮುಚ್ಚಿದಳು. ಒಂದು ಒಳ್ಳೆಯದನ್ನು ಹುಡುಕಿದಳು. ಬಹಳ ಹೊತ್ತು ಸಿಗಲಿಲ್ಲ. ಯಾರೂ ಅವಸರ ಮಾಡಲಿಲ್ಲ.

"ನಮ್ಮವ್ವ... ನಮ್ಮವ್ವ ನಿನ್ನೆವರ್ಗೂ ನನಗೆ ಕಾದ್ಲು. ಒಂದಿನಾನೂ ಬೈಲಿಲ್ಲ. ಅದಕ್ಕೆ ಸ್ತೋತ್ರ ದೇವ್ರೆ."

ಆರಿಹೋಗಿದ್ದ ಕಾಫಿಯನ್ನು ಎಲ್ಲರೂ ಒಟ್ಟಿಗೆ ಕುಡಿದರು. ಶೀಲಾ ಮಾತ್ರ ಅವ್ವನ ಗೋರಿಯ ಹಸಿ ಮಣ್ಣಿನ ಪಕ್ಕದಲ್ಲಿದ್ದ ಕಾಫಿ ಗಿಡದ ಹತ್ತಿರ ಬಗ್ಗಿ, ತನ್ನ ಲೋಟವನ್ನು ಅದರ ಬುಡಕ್ಕೆ ಮೆಲ್ಲಗೆ ಸುರಿದಳು.