ನಲವತ್ತೊಂದು ಸಾವು

‘ಬೆರಳಿಗೆ ಸುಲಭವಾಗಿದ್ದನ್ನು ಒತ್ತಿದೆ, ಅಷ್ಟೇ’ ಎಂದು ಬೆಳಿಗ್ಗೆ ಡೈರಿಯಲ್ಲಿ ಬರೆದ ಹುಡುಗಿ ಮರುಗಳಿಗೆಯಲ್ಲೇ ಆ ಸಾಲಿನ ಮೇಲೆ ಗೀಟು ಎಳೆದಿದ್ದಳು. ಡೈರಿಗೂ ಸುಳ್ಳು ಹೇಳುವಷ್ಟು ದೊಡ್ಡವಳಾದೆನೇ ಎಂಬ ಪುಟ್ಟ ಅಳುಕು ಬಸ್ಸಿನುದ್ದಕ್ಕೂ ಜೊತೆಗೆ ಬಂದು, ಈಗ ಕ್ಲಿನಿಕ್ಕಿನ ಕಿಂಡಿಯ ಹಿಂದೆಯೂ ಪಕ್ಕದಲ್ಲೇ ಕೂತಿತ್ತು.

“ಮೂರು ಸಾವಿರದ ನೂರ ಹದಿನೆಂಟು,” ಎಂದಿತು ಕಿಂಡಿಯಾಚೆಯ ದನಿ. ಜೊತೆಗೆ ಗುಳಿಗೆ ಲೆಕ್ಕದ ಪುಸ್ತಕವೊಂದು ಒಳಗೆ ತೂರಿಬಂತು.

ಎಚ್‌ಐವಿ ಕ್ಲಿನಿಕ್ಕಿನಲ್ಲಿ ಹೆಸರು ಕರೆಯುವಂತಿಲ್ಲ. ನಂಬರೇ ಹೆಸರು. ಹುಡುಗಿ ಅದನ್ನು ಕಂಪ್ಯೂಟರಿಗೆ ಕೊಟ್ಟಳು. ಪರದೆಯ ಮೇಲೆ ಸಾಲು ಬೂದುಬಣ್ಣಕ್ಕೆ ತಿರುಗಿ ನಿಂತಿತು. ಮರಣ, ಕಳೆದ ತಿಂಗಳು ಹದಿನಾಲ್ಕು.

ಹುಡುಗಿ ತಲೆಯೆತ್ತಿದಳು. ಸತ್ತವಳು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು. ಉಗುರಿನ ಸಂದಿಯಲ್ಲೆಲ್ಲ ಇಟ್ಟಿಗೆಯ ಕೆಂಪು ಧೂಳು.

“ಬೇಗ ಚೀಟಿ ಕೊಡವ್ವಾ. ಇವತ್ತಿಗೆ ಒಂದೇ ಗುಳಿಗೆ ಉಳಿದೈತೆ.”

ಹುಡುಗಿ ನಂಬರನ್ನು ಇನ್ನೊಮ್ಮೆ ಒತ್ತಿ ನೋಡಿದಳು. ಅಷ್ಟರಲ್ಲಿ ಸರದಿ ಸಾಲು ನೋಡಿಕೊಳ್ಳುತ್ತಿದ್ದ, ಎಲ್ಲರೂ ‘ಹುಡುಕೋ ಅಕ್ಕ’ ಎನ್ನುವ ಅಕ್ಕ ಹತ್ತಿರ ಬಂದಳು. ಅವಳೂ ಇದೇ ಗುಳಿಗೆ ನುಂಗುವವಳು. ಬಾರದೆ ಉಳಿದವರನ್ನು ಮನೆಮನೆಗೆ ಹೋಗಿ ಹುಡುಕಿ ಕರೆತರುತ್ತಿದ್ದವಳು. ಯಾರು ಬಂದಿಲ್ಲವೆಂದು ಕಂಪ್ಯೂಟರೇ ಹೇಳುತ್ತದಲ್ಲ, ಇವಳೇಕೆ ಬೀದಿ ಸುತ್ತಬೇಕು ಎಂದು ಓಡಾಟ ನಿಲ್ಲಿಸಿ, ಬಾಗಿಲಲ್ಲಿ ಕೂರಿಸಿದ್ದರು.

“ಎಲಾ ಇವಳ! ಬದುಕಿದ್ದೀಯೇನೇ? ಮೂರು ತಿಂಗಳಾಯ್ತು ಮುಖ ತೋರ್ಸಿ.”

“ಸಾಯೋಕೆ ಪುರುಸೊತ್ತೆಲ್ಲಿ ಅಕ್ಕಾ? ಇಟ್ಟಿಗೆ ಭಟ್ಟಿ ಕೆಲ್ಸಕ್ಕೆ ದೂರ ಹೋಗಿದ್ವಿ. ಅಲ್ಲಿ ಆಸ್ಪತ್ರೆ ನರ್ಸಮ್ಮ ಪಾಪ, ಗುಳಿಗೆ ಕೊಡ್ತಿದ್ರು. ಕಾಗ್ದ ಗೀಗ್ದ ಏನೂ ಕೊಡ್ಲಿಲ್ಲ.”

ಕಾಗದ. ಮೂರು ತಿಂಗಳು ಬಾರದವರ ಸಾಲು ಪರದೆಯ ಮೇಲೆ ಕೆಂಪಾಗುತ್ತಿತ್ತು. ಕೆಂಪು ಹೋಗಿಸಲು ಎರಡೇ ದಾರಿ. ‘ಬೇರೆ ಕ್ಲಿನಿಕ್ಕಿಗೆ ಹೋದರು’ ಎಂದು ಒತ್ತಿದರೆ ಅದು ಆ ಕ್ಲಿನಿಕ್ಕಿನ ಪತ್ರ ಕೇಳುತ್ತಿತ್ತು. ‘ಮರಣ’ ಎಂದು ಒತ್ತಿದರೆ ಒಂದು ತಾರೀಕು ಕೇಳಿ ಸುಮ್ಮನಾಗುತ್ತಿತ್ತು.

ಹೋದ ವಾರ ಮೇಲ್ವಿಚಾರಕ ಅವಳ ಕುರ್ಚಿಯ ಬೆನ್ನು ಹಿಡಿದು ನಿಂತು ಹೇಳಿದ್ದ. “ತಪಾಸಣೆಯೋರು ಬರೋ ಹೊತ್ತಿಗೆ ಇಷ್ಟು ಕೆಂಪು ಕಾಣಿಸ್ಬಾರ್ದು. ಬಿಟ್ಟುಹೋದೋರು ನೂರಕ್ಕೆ ಐದು ದಾಟಿದ್ರೆ ಮುಂದಿನ ವರ್ಷದಿಂದ ಯೋಜನೆ ಬಂದ್. ಪತ್ರ ಎಲ್ಲಿಂದ ತರ್ತೀಯ? ಸಾಯ್ಸು. ಎಲ್ಲಾರೂ ಒಂದೇ ದಿನ ಸತ್ರೆ ಅನುಮಾನ ಬರುತ್ತೆ, ಸ್ವಲ್ಪ ಹಂಚಿ ಸಾಯ್ಸು.” ತನ್ನ ತಮಾಷೆಗೆ ತಾನೇ ನಕ್ಕಿದ್ದ. ಅವಳ ಗುತ್ತಿಗೆ ಮುಂದುವರಿಸುವ ಹಾಳೆ ಅವನ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಅವಳು ಹಂಚಿದ್ದಳು. ತಾರೀಕು ತೋಚದೆ ಹೋದಾಗ ಕಾಲೇಜಿನ ಗೆಳತಿಯರ ಹುಟ್ಟುಹಬ್ಬಗಳನ್ನು ನೆನಪು ಮಾಡಿಕೊಂಡು ತುಂಬಿದ್ದಳು.

“ಏನದು ಗಲಾಟೆ?” ಮೇಲ್ವಿಚಾರಕ ಇಸ್ತ್ರಿ ಮಾಡಿದ ಅಂಗಿಯಲ್ಲಿ ಒಳಕೋಣೆಯಿಂದ ಬಂದ. ತಪಾಸಣೆ ಇವತ್ತೇ. ಪರದೆ ನೋಡಿದ, ಹೆಂಗಸನ್ನು ನೋಡಿದ. ಅರ್ಥವಾಯಿತು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

“ಯಾರದಮ್ಮ ಈ ಪುಸ್ತಕ? ಎಲ್ಲಿ ಕದ್ದೆ?”

“ನಂದೇ ಸ್ವಾಮಿ. ಆರು ವರ್ಷದಿಂದ ಇಲ್ಲೇ ತಗೋತಿದೀನಿ.”

“ಈ ನಂಬರಿನೋಳು ಸತ್ತು ತಿಂಗಳಾಯ್ತು. ಸತ್ತೋರ ಗುಳಿಗೆ ಎತ್ಕೊಂಡು ಹೋಗಿ ಮಾರ್ಕೋತೀಯಾ?”

“ನಾನು ಎದ್ರಿಗೇ ನಿಂತಿದೀನಲ್ಲ ಸ್ವಾಮಿ!”

“ನಿಂತ್ರೆ? ಕಂಪ್ಯೂಟರ್ ಸುಳ್ಳು ಹೇಳುತ್ತಾ? ಊರೂರು ಅಲೆದು, ಯಾರ್ಯಾರ ಹತ್ರಾನೋ ಮಲಗೆದ್ದು ಬರ್ತಾವೆ, ಆಮೇಲೆ ನಮ್ಮ ತಲೆ ತಿಂತಾವೆ. ಹೊಸ ನಂಬರ್ ಬೇಕಾದ್ರೆ ಮೊದ್ಲಿಂದ ರಕ್ತ ಪರೀಕ್ಷೆ ಆಗ್ಬೇಕು. ಪರೀಕ್ಷೆ ಸಾಮಾನು ಖಾಲಿ. ಇಪ್ಪತ್ತು ದಿನ ಬಿಟ್ಟು ಬಾ.”

“ಇಪ್ಪತ್ತು ದಿನ ಗುಳಿಗೆ ಬಿಟ್ರೆ ರೋಗ ಮತ್ತೆ ತಲೆ ಎತ್ತುತ್ತೆ, ಆಮೇಲೆ ಇದೇ ಗುಳಿಗೆ ನಾಟೋದಿಲ್ಲ ಅಂತ ನೀವೇ ಹೇಳ್ಕೊಟ್ಟಿದ್ದು. ಒಂದು ದಿನಾನೂ ತಪ್ಪಿಸ್ಲಿಲ್ಲ ನಾನು. ಭಟ್ಟೀಲಿ ಊಟ ತಪ್ಪೈತೆ, ಗುಳಿಗೆ ತಪ್ಪಿಲ್ಲ!”

“ಬಾಯಿ ಬೇರೆ! ಹೋಗೇ ಲೌಡಿ, ಹಿಂದಿನ ಬಾಗಿಲಿಂದ ಹೋಗು. ಈಗ ದೊಡ್ಡೋರು ಬರ್ತಾರೆ.”

ಕಿಂಡಿಯ ಮುಂದಿನ ಸಾಲು ನೆಲ ನೋಡತೊಡಗಿತು. ಹೆಂಗಸಿನ ಕಣ್ಣಲ್ಲಿ ನೀರು ಬರಲಿಲ್ಲ. “ನಿನ್ನ ಬಾಯಿಗೆ ಕೆಂಡ ಬೀಳ, ಸೂಳೇಮಗನೆ,” ಎಂದಳು, ದನಿ ಏರಿಸದೆ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕ್ಲಿನಿಕ್ಕಿನ ಒಳಓಣಿಯ ನಟ್ಟನಡುವೆ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು. “ಸತ್ತೋಳನ್ನ ನಾಲ್ಕು ಜನ ಹೊತ್ಕೊಂಡು ಹೋಗ್ಬೇಕು. ಕರಿ ನಿನ್ನ ಜನಾನ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಮೇಲ್ವಿಚಾರಕ ಹಲ್ಲು ಕಚ್ಚಿಕೊಂಡು ಅತ್ತ ಓಡಿದ.

ಹುಡುಕೋ ಅಕ್ಕ ಕಿಂಡಿಗೆ ಮುಖ ತಂದಳು. “ಯಾರೇ ಬರೆದಿದ್ದು ಸತ್ಲು ಅಂತ?”

ಹುಡುಗಿ ಕೀಲಿಮಣೆಯನ್ನು ನೋಡಿದಳು.

“ಅಳಿಸೇ ಮತ್ತೆ.”

“ಆಗಲ್ಲ ಅಕ್ಕ.” ಸತ್ತವರನ್ನು ಎಬ್ಬಿಸುವ ಪಾಸ್‌ವರ್ಡು ಕಂಪನಿಯವರ ಕೈಲಿತ್ತು. ಹೊರದೇಶದ ನೆರವಿನಲ್ಲಿ ಈ ವ್ಯವಸ್ಥೆ ಕಟ್ಟಿಕೊಟ್ಟವರು ಗಡುವು ಮುಗಿದ ದಿನವೇ ಗಂಟುಮೂಟೆ ಕಟ್ಟಿದ್ದರು. ಅವರು ಬಿಟ್ಟುಹೋದ ನಂಬರಿಗೆ ಫೋನ್ ಮಾಡಿದರೆ ಯಾವುದೋ ಗ್ಯಾರೇಜಿನವನು ಎತ್ತಿ, ಯಾವ ಗಾಡಿ ಎಂದು ಕೇಳುತ್ತಿದ್ದ. ರೋಗಿಗಳ ಹಳೆಯ ದಪ್ಪ ರಿಜಿಸ್ಟರುಗಳನ್ನೋ, ಇನ್ನು ಬೇಡವೆಂದು ಗುಜರಿಗೆ ಹಾಕಿಯಾಗಿತ್ತು.

“ಮೊದ್ಲಾದ್ರೆ ನಾನು ಹೋಗಿ ನೋಡ್ಕೊಂಡು ಬರ್ತಿದ್ದೆ, ಇದ್ದಾಳಾ ಹೋದ್ಲಾ ಅಂತ. ಬಸ್ಸಿನ ಕಂಡಕ್ಟರ್ ಕೂಡ ಹೇಳ್ತಿದ್ದ, ಭಟ್ಟಿಗೆ ಹೋದ್ರು ಅಂತ. ನಿನ್ನ ಪೆಟ್ಟಿಗೇಗೆ ಕೇಳೋಕೆ ಕಿವೀನೇ ಇಲ್ಲ.” ಅಕ್ಕ ಪರದೆಯತ್ತ ಬಗ್ಗಿದಳು. “ಎಷ್ಟು ಜನಾನ ಬರೆದೆ?”

ಹುಡುಗಿ ಪರದೆಯನ್ನು ತನ್ನತ್ತ ತಿರುಗಿಸಿಕೊಂಡಳು. ಅಕ್ಕ ಹೋಗಿ ಆ ಹೆಂಗಸಿನ ಪಕ್ಕದಲ್ಲೇ ಕಾಲು ಚಾಚಿದಳು.

ಹುಡುಗಿಗೆ ಅಮ್ಮನ ನೆನಪಾಯಿತು. ಕಿಟಕಿಯ ಬೆಳಕಿಗೆ ಬಟ್ಟೆ ಹಿಡಿದು ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುವ ಅಮ್ಮ. ಸೂಜಿಗೆ ದಾರ ಪೋಣಿಸುವುದು ಈಗ ಕಣ್ಣಿಗಾಗದು. ಬೆಳಿಗ್ಗೆ ಹತ್ತು ಸೂಜಿಗೆ ಪೋಣಿಸಿಟ್ಟು ಬರಬೇಕು. ‘ನಿನ್ನದೊಂದು ಕೆಲ್ಸ ಗಟ್ಟಿಯಾಗ್ಲಿ ಮಗಳೇ, ನಾನು ಕಣ್ಣು ಮುಚ್ಕೊಂಡು ಕೂತ್ಕೋತೀನಿ’ ಎಂದು ಇವತ್ತೂ ಹೇಳಿ ಕಳಿಸಿದ್ದಳು.

ತಪಾಸಣೆಯ ಮೂವರು ಒಳಗೆ ಬಂದರು. ಓಣಿಯಲ್ಲಿ ಕೂತಿದ್ದ ಇಬ್ಬರನ್ನು ಬಳಸಿಕೊಂಡು ಬಂದರು. “ಕಾಯೋ ಜನ, ಮೇಡಂ. ಕುರ್ಚಿ ಕೊಟ್ರೂ ನೆಲಾನೇ ಇಷ್ಟ ಇವರಿಗೆ,” ಎಂದ ಮೇಲ್ವಿಚಾರಕ. ಮುಂದಿದ್ದ ಕನ್ನಡಕದ ಹೆಂಗಸು ಕಂಪ್ಯೂಟರಿನ ಬಳಿ ಬಂದು ಪರದೆಗೆ ಬಗ್ಗಿದಳು. ಅವಳ ಸೆಂಟಿನ ವಾಸನೆ ಕಿಂಡಿಯೊಳಗೆಲ್ಲ ಹರಡಿತು.

“ನೂರಕ್ಕೆ ಎರಡೂವರೆ?” ಅವಳ ಹುಬ್ಬು ಮೇಲೇರಿತು. “ಸುತ್ತಮುತ್ತ ಎಲ್ಲಾ ಕಡೆ ಹತ್ತು, ಹನ್ನೆರಡು ಇದೆ. ಬಿಟ್ಟುಹೋದೋರು ನಿಮ್ಮಲ್ಲಿ ಇಷ್ಟು ಕಮ್ಮಿ ಹೇಗ್ರೀ?”

“ಎಲ್ಲಾ ಈ ಹುಡುಗಿ ಶ್ರಮ, ಮೇಡಂ.” ಮೇಲ್ವಿಚಾರಕನ ಕೈ ಹುಡುಗಿಯ ಕುರ್ಚಿಯ ಬೆನ್ನಿಗೆ ಬಂತು. “ಮಾತು ಕಮ್ಮಿ, ಕೆಲ್ಸ ಜಾಸ್ತಿ. ಇಂಥವಳು ಇನ್ನೊಬ್ಬಳು ಸಿಗಲ್ಲ.”

“ಹೌದಾ? ನೀನೇ ಹೇಳಮ್ಮ ಹಾಗಾದ್ರೆ. ಬೇರೆ ಕ್ಲಿನಿಕ್ಕಿನೋರಿಗೂ ಹೇಳ್ಕೊಡ್ತೀವಿ. ಏನು ಮಾಡಿದೆ?”

ಜೊತೆಯವನು ಬರೆದುಕೊಳ್ಳಲು ಪೆನ್ನು ತೆಗೆದ. ಕುರ್ಚಿಯ ಬೆನ್ನು ಹಿಡಿದಿದ್ದ ಬೆರಳುಗಳು ಅವಳ ಭುಜಕ್ಕೆ ಬಂದು ಮೆಲ್ಲಗೆ ಒತ್ತಿದವು. ಓಣಿಯಲ್ಲಿ ಭಟ್ಟಿಯ ಹೆಂಗಸು ಬಾಟಲಿಯ ಮುಚ್ಚಳ ತೆಗೆದು, ಉಳಿದಿದ್ದ ಒಂದೇ ಗುಳಿಗೆಯನ್ನು ಅಂಗೈಗೆ ಹಾಕಿಕೊಂಡು, ನೀರಿಗಾಗಿ ಅತ್ತಿತ್ತ ನೋಡುತ್ತಿದ್ದಳು.

ಹುಡುಗಿ ಎದ್ದು ನಿಂತಳು. ಭುಜದ ಮೇಲಿನ ಕೈ ಜಾರಿತು.

“ಸಾಯಿಸಿದೆ ಮೇಡಂ,” ಎಂದಳು. ಸಾಲಿನ ಕೊನೆಯವರೂ ತಿರುಗಿ ನೋಡಿದರು. “ಬಾರದೇ ಇದ್ದೋರನ್ನ ಇವರು ಸಾಯ್ಸು ಅಂದ್ರು, ನಾನು ಸಾಯಿಸಿದೆ. ನಲವತ್ತೊಂದು ಜನ. ಅದರಲ್ಲಿ ಒಬ್ಬರು ಅಲ್ಲಿ ಕೂತಿದ್ದಾರೆ. ಮೊದಲು ಅವರಿಗೆ ಗುಳಿಗೆ ಕೊಡಿಸಿ.”