ಅಪ್ಪನ ಎಡಗೈ

ಬಿಸಿನೀರಿನಲ್ಲಿ ಅದ್ದಿದ ಟವೆಲ್ ಈ ಆಸ್ಪತ್ರೆಯ ಎಸಿಯಲ್ಲಿ ಎಷ್ಟು ಬೇಗ ಆರಿಹೋಗುತ್ತದೆ, ಹಿಂಡುವಷ್ಟರಲ್ಲೇ ತಣ್ಣಗೆ, ಆದರೂ ಅಪ್ಪನ ಎಡಮುಷ್ಟಿಗೆ ಸುತ್ತಿ ಒತ್ತಿ ಹಿಡಿಯುತ್ತೇನೆ, ಕಿಟಕಿಯಾಚೆ ಮರುಭೂಮಿಯ ಧೂಳೆದ್ದು ಹಗಲೇ ಮಾಸಿದೆ — ಮೊದಲು ಕಿರುಬೆರಳು, ಎಳೆಯಬಾರದು, ಮಣಿಕಟ್ಟನ್ನು ಒಳಗೆ ಬಾಗಿಸಿದರೆ ಬೆರಳು ತಾನಾಗಿ ಸಡಿಲುತ್ತದೆ, ಕಲಿಸಿಕೊಟ್ಟವಳು ನರ್ಸ್ ಬೆನೆಡಿಕ್ಟಾ, ಮಂಗಳೂರಿನವಳು, ಮೆಲ್ಲ ಮಾರಾಯ್ತಿ, ಬಲ ಹಾಕಿದ್ರೆ ಮೂಳೆ ಮುರೀತದೆ. ಸ್ಟ್ರೋಕ್ ಆದ ದಿನ ಮುಚ್ಚಿದ ಕೈ ಇದು, ಚಳಿಗಾಲ ಹೋಗಿ ಬೇಸಿಗೆ ಬಂತು, ಗಂಟಲಿಗೆ ನಳಿಕೆ, ಕಣ್ಣು ಚಾವಣಿಗೆ, ಅವರಿಗೆ ಏನೂ ತಿಳಿಯುವುದಿಲ್ಲ ಎನ್ನುತ್ತಾರೆ ಡಾಕ್ಟರು, ಇನ್ನು ಕಾಯುವುದಷ್ಟೇ ಎನ್ನುತ್ತಾರೆ. ನಿನ್ನೆ ಪಕ್ಕದ ಫ್ಲ್ಯಾಟಿನ ಚಿತ್ರಾ ಆಂಟಿ ಸಾರಿನ ಫ್ಲಾಸ್ಕ್ ಹಿಡಿದು ಬಂದವರು ಅವ್ವನಿಗೆ ಅಂದರು, ಎಂಥ ಮಗಳು ರೀ ಬಾಳಕ್ಕ ನಿಮ್ದು, ಡಿಗ್ರಿ ಮುಗಿಸ್ಕೊಂಡು ದಿನಾ ಅಪ್ಪನ ಕೈ ಹಿಡ್ಕೊಂಡು ಕೂರ್ತಾಳೆ, ನಮ್ಮನೇದು ಫೋನಿಂದ ತಲೆ ಎತ್ತಲ್ಲ. ಅವ್ವ ಬೀಗಿದಳು. ನಾನು ನಕ್ಕೆ, ನನಗೆ ಬರುವುದು ಅದೊಂದೇ. ಹೇಳಬಹುದಿತ್ತು, ಆಂಟಿ, ಇದು ಸೇವೆಯಲ್ಲ, ಸಿದ್ಧತೆ. ಡೈರಿಯಲ್ಲೂ ಅದನ್ನು ಬರೆಯಲಾಗಲಿಲ್ಲ, ಫಿಸಿಯೋಥೆರಪಿ ಎಂದು ಬರೆದೆ, ಹೇಡಿ. ಹುನಗುಂದದಿಂದ ಗುರುಸಿದ್ದ ಕಾಕಾ ಫೋನಿನಲ್ಲಿ ಅವ್ವನಿಗೆ ಹೇಳಿದ್ದು ನನಗೂ ಕೇಳಿಸಿತ್ತಲ್ಲ, ವೈನಿ, ಅಣ್ಣನ ಎಡಗೈ ಈಗ ಬಿಚ್ಚಿಸಿ ಇಡ್ರಿ, ವಿಮಾನದಾಗ ಪೆಟ್ಟಿಗ್ಯಾಗ ಬರೂದ್ರಾಗ ಸೆಟದಿರ್ತದ, ಕುಂದರಸೂದ ಕಷ್ಟ, ಅಂಥಾದ್ರಾಗ ಮುಷ್ಟಿ ಬ್ಯಾರೆ, ಲಿಂಗ ಎಲ್ಲಿ ಇಡೂದು? ನಮ್ಮವರನ್ನು ಮಣ್ಣಿನಲ್ಲಿ ಮಲಗಿಸುವುದಿಲ್ಲ, ಕೂರಿಸುತ್ತಾರೆ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು. ಅದಕ್ಕೇ ಈ ಟವೆಲ್. ಉಸಿರಾಡುವ ಮನುಷ್ಯನನ್ನು ಕುಣಿಗೆ ಹದ ಮಾಡುತ್ತಿದ್ದೇನೆ, ಬೇಡ ಅಂದರೆ ಅವ್ವ, ಏನ್ ತಪ್ಪೈತಿ ವಿಜಿ, ಹೋಗೂ ಮನಷ್ಯಾನ್ನ ನೆಟ್ಟಗ ಕಳಸಬೇಕಲ್ಲ, ಊರಾಗ ಮಂದಿ ಏನಂತಾರ. ಮಂದಿ! ಇದೇ ಅಂಗೈ, ಆಗೆಲ್ಲ ಬೆಳಿಗ್ಗೆ ಶುಐಬಾದ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸು ಕೆಳಗೆ ಹಾರ್ನ್ ಹೊಡೆಯುತ್ತಿದ್ದರೂ ಅಪ್ಪ ಫ್ಲ್ಯಾಟಿನ ಮೂಲೆಯಲ್ಲಿ ಕೂತು ಅಂಗೈಯ ಲಿಂಗವನ್ನೇ ನೋಡುತ್ತಿದ್ದ, ಯಲ್ಲಾ, ಜಲ್ದಿ ಈರಯ್ಯ ಭಾಯಿ ಎಂದು ಡ್ರೈವರ್ ಕೂಗಾಟ, ಶಿವ ಕಾಯ್ತಾನ, ಬಸ್ಸು ಕಾಯಂಗಿಲ್ಲ ಎಂದು ಅವ್ವ, ಕಣ್ಣು ಕೀಳದೆ ಅಪ್ಪನ ನಗು. ಕೊರಳಲ್ಲಿ ಸದಾ ಇರುತ್ತಿದ್ದ ಲಿಂಗವನ್ನು, ದಾರ ನಳಿಕೆಗೆ ಸಿಕ್ಕೀತೆಂದು ಬೆನೆಡಿಕ್ಟಾ ಬಿಚ್ಚಿ ಕೊಟ್ಟಾಗಿನಿಂದ ಅದು ಅವ್ವನ ವ್ಯಾನಿಟಿ ಬ್ಯಾಗಿನಲ್ಲಿ — ಅಯ್ಯೋ, ಬಿಚ್ಚಿತು, ನಡುಬೆರಳೂ ಬಿಚ್ಚಿತು, ಅಂಗೈ ಬೆಳ್ಳಗೆ, ಬೆವರಿನ ಹುಳಿ ವಾಸನೆ, ಅವ್ವ ಆಗಲೇ ಬ್ಯಾಗಿನ ಜಿಪ್ ಎಳೆದಾಯಿತು, ಇಟ್ಟು ನೋಡ ವಿಜಿ, ಕುಂದರತೈತೇನ. ಬಳೆಯಂಗಡಿಯಲ್ಲಿ ಅಳತೆ ನೋಡಿದ ಹಾಗೆ. ಇಟ್ಟೆ. ನಾನೇ ಇಟ್ಟೆ.

ಅಪ್ಪನ ಕಣ್ಣು ಚಾವಣಿಯಿಂದ ಇಳಿಯಿತು. ಅಂಗೈಗೆ. ನೋಡ ನೋಡ, ಪೂಜಿ ನೆನಪಾತು ಎಂದು ಅವ್ವ ಕೆನ್ನೆ ಬಡಿದುಕೊಂಡಳು, ಆದರೆ ಆ ಕಣ್ಣು ಪೂಜೆಯ ಕಣ್ಣಲ್ಲ, ಅದು ಲಿಂಗದಿಂದ ಅವ್ವನತ್ತ, ಅವ್ವನಿಂದ ನನ್ನತ್ತ, ಯಾಕೆ ಎಂದು ಕೇಳುವ ಕಣ್ಣು, ಎಲ್ಲ ತಿಳಿದ ಕಣ್ಣು — ಹೆಬ್ಬೆರಳು ಅಲ್ಲಾಡಿತು. ಲಿಂಗ ಹೊದಿಕೆಯ ಮೇಲೆ ಉರುಳಿತು. ಶಿವಶಿವಾ, ಜಾರಿಸಿದೆಲ್ಲೇ, ನೆಟ್ಟಗ ಹಿಡಿಯಾಕ ಬರಂಗಿಲ್ಲೇನ? ಕಣ್ಣಿಗೊತ್ತಿಕೊಂಡು ಮತ್ತೆ ಇಟ್ಟೆ, ಮತ್ತೆ ಹೆಬ್ಬೆರಳು. ಜಾರಲಿಲ್ಲ ಅವ್ವಾ, ತಳ್ಳಿದ, ಒಂದು ದಿನವೂ ಲಿಂಗ ಬಿಟ್ಟಿರದ ಅಪ್ಪ ತಳ್ಳಿದ, ಹೇಳಬೇಕು, ಈಗಲಾದರೂ ಬಾಯಿ ಬಿಡಬೇಕು, ಅವ್ವ ಅವನ ಮಣಿಕಟ್ಟನ್ನು ತಾನೇ ಗಟ್ಟಿ ಹಿಡಿದಿದ್ದಾಳೆ, ಇನ್ನೊಮ್ಮೆ ಇಡ ವಿಜಿ, ನನ್ನ ಕೈ ಇಡುತ್ತಿದೆ, ಬಾಯಿ ಮುಚ್ಚಿಯೇ ಇದೆ, ಇಡುತ್ತಿದೆ — ಹೆಬ್ಬೆರಳು, ಉಗುರು ನೀಲಿಗಟ್ಟಿದ ಹೆಬ್ಬೆರಳು, ನಡುಗಿ ನಡುಗಿ ಏಳುವ ಹೆಬ್ಬೆರಳು